ಗ್ವಾಟೆಮಾಲಾ ಏಲಕ್ಕಿ ನಮ್ಮ ರೇಟು ಕೆಡಿಸುತ್ತೆ ಅಂತಾರೆ. ಹಾಗಾದ್ರೆ ಅದನ್ನು ಬೆಳೆಯುವವರು ಯಾಕೆ ಬಡವರು?

ಏಲಕ್ಕಿಮಲೆ · ಸೋಮವಾರ ಬೆಳಿಗ್ಗೆ 7:10

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವನು. ಕಾಫಿ, ಮೆಣಸಿನ ಜೊತೆಗೆ ಹಳ್ಳದ ಪಕ್ಕ ಎರಡು ಎಕರೆ ಏಲಕ್ಕಿ ಇದೆ. ಅಪ್ಪನ ಕಾಲದಲ್ಲಿ ಎಂಟು ಎಕರೆ ಇತ್ತು. ಕಟ್ಟೆ ರೋಗ ಬಂದು ಉಳಿದದ್ದು ಇಷ್ಟೇ.

ಚಿಕ್ಕಂದಿನಿಂದ ಒಂದು ಮಾತು ಕೇಳುತ್ತಲೇ ಬಂದಿದ್ದೇನೆ. ಏಲಕ್ಕಿ ಮೂಟೆ ತಗೊಂಡು ಹೋದಾಗಲೆಲ್ಲ ಅಂಗಡಿಯವರು "ಈ ಸಲ ಗ್ವಾಟೆಮಾಲಾದಲ್ಲಿ ಬೆಳೆ ಚೆನ್ನಾಗಿದೆ, ರೇಟು ಇಲ್ಲ" ಅನ್ನುತ್ತಾರೆ. ಅಪ್ಪನಿಗೂ ಅದನ್ನೇ ಹೇಳುತ್ತಿದ್ದರು. ನನ್ನ ಪಾಲಿಗೆ ಗ್ವಾಟೆಮಾಲಾ ಅಂದ್ರೆ ದೇಶವೇ ಅಲ್ಲ, ಅಂಗಡಿಯವರ ನೆಪ.

ಮೊನ್ನೆ ಮಳೆಗೆ ಕರೆಂಟ್ ಹೋಗಿತ್ತು. ಸುಮ್ನೆ ಮೊಬೈಲ್ ಹಿಡಿದು ಆ ದೇಶದ ಬಗ್ಗೆ ಓದುತ್ತಾ ಕೂತೆ. ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ಹೊರಗೆ ಕಳಿಸುವವರು ಅವರೇ. ಅದರಲ್ಲಿ ದೊಡ್ಡ ಪಾಲು ಆಲ್ಟಾ ವೆರಾಪಾಸ್ ಅನ್ನೋ ಒಂದೇ ಪ್ರಾಂತದ್ದು. ಅದೇ ಪ್ರಾಂತದಲ್ಲಿ 2014ರ ಸರ್ಕಾರಿ ಲೆಕ್ಕದ ಪ್ರಕಾರ ನೂರಕ್ಕೆ 83 ಜನ ಬಡವರು. ಇಡೀ ದೇಶದಲ್ಲಿ ಅದೇ ಅತಿ ಬಡ ಪ್ರಾಂತ.

ಓದಿ ತಲೆ ಕೆಟ್ಟಿತು. ಅವರಿಂದ ನಮಗೆ ರೇಟು ಸಿಗಲ್ಲ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಅವರಿಗೂ ಸಿಕ್ಕಿಲ್ಲ ಅಂದ್ರೆ ಆ ದುಡ್ಡು ಹೋಗಿದ್ದೆಲ್ಲಿಗೆ? ತಿಳಿದವರು ಹೇಳಿ.

ಹಾವೇರಿಹೈದ · 7:31

ಏಲಕ್ಕಿ ಹಾರ ಮಾಡೋ ಊರಿನವನು ನಾನು. ನಮ್ಮೂರಲ್ಲಿ ಒಂದು ಗಿಡವೂ ಇಲ್ಲ, ಹೆಸರು ಮಾತ್ರ ಏಲಕ್ಕಿ ಕಂಪಿನ ನಾಡು. ದುಡ್ಡು ಬೆಳೆಯುವವನ ಹತ್ರ ಇರಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು ಸರ್?

ನೇರನುಡಿ · 7:48

ದಕ್ಷಿಣ ಅಮೆರಿಕದ ದೇಶಗಳೆಲ್ಲ ಹೀಗೇ. ಜನಸಂಖ್ಯೆ ಜಾಸ್ತಿ, ಲಂಚ ಜಾಸ್ತಿ, ಗಲಾಟೆ ಜಾಸ್ತಿ. ಇದರಲ್ಲಿ ಒಗಟು ಏನೂ ಇಲ್ಲ.

ಅಂಕಿಅಕ್ಕ · 8:15

@ನೇರನುಡಿ, ಮೊದಲು ನಕ್ಷೆ ನೋಡಿ. ಅದು ದಕ್ಷಿಣ ಅಮೆರಿಕ ಅಲ್ಲ, ಮಧ್ಯ ಅಮೆರಿಕ. ಮೆಕ್ಸಿಕೋದ ಕೆಳಗೆ ಅಂಟಿಕೊಂಡಿದೆ.

ಜನಸಂಖ್ಯೆ ವಿಷಯ. 2018ರ ಜನಗಣತಿಯಲ್ಲಿ ಎಣಿಕೆಗೆ ಸಿಕ್ಕವರು 1 ಕೋಟಿ 49 ಲಕ್ಷ. ಈಗ 1 ಕೋಟಿ 80 ಲಕ್ಷದ ಹತ್ತಿರ ಇರಬಹುದು ಅಂತ ಅಂದಾಜು. ಮಧ್ಯ ಅಮೆರಿಕದಲ್ಲಿ ಅದೇ ಹೆಚ್ಚು, ಸರಿ. ಆದರೆ ಆ ದೇಶ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು. ನಾವು 2011ರಲ್ಲೇ 6 ಕೋಟಿ ದಾಟಿದ್ದೆವು. ಒಂದು ಚದರ ಕಿಲೋಮೀಟರಿಗೆ ನಮ್ಮಲ್ಲಿ ಆಗಲೇ 319 ಜನ. ಅಲ್ಲಿ ಈಗಲೂ ಅದರ ಅರ್ಧದ ಆಸುಪಾಸು. "ಜನ ಜಾಸ್ತಿ, ಅದಕ್ಕೇ ಬಡತನ" ಅನ್ನೋ ವಾದ ಇಲ್ಲಿ ನಿಲ್ಲಲ್ಲ.

ಇನ್ನೊಂದು ವಿಚಿತ್ರ ಕೇಳಿ. ತಲಾ ಆದಾಯದಲ್ಲಿ ಗ್ವಾಟೆಮಾಲಾ ಭಾರತಕ್ಕಿಂತ ಎರಡು ಪಟ್ಟು ಮೇಲಿದೆ. ವಿಶ್ವ ಬ್ಯಾಂಕಿನ ಪಟ್ಟಿಯಲ್ಲಿ ಮೇಲ್ಮಧ್ಯಮ ಆದಾಯದ ದೇಶ. ಆದರೂ 2023ರಲ್ಲಿ ಅವರದೇ ಲೆಕ್ಕದಲ್ಲಿ 56% ಜನ ಬಡವರು. ಸರಾಸರಿ ಅನ್ನೋದು ಎಷ್ಟು ಸುಳ್ಳು ಹೇಳುತ್ತೆ ನೋಡಿ.

ನೇರನುಡಿ · 8:22

ನಕ್ಷೆ ಸರಿ ಮೇಡಂ, ಒಪ್ಪಿದೆ. ಲಂಚದ ಮಾತು ವಾಪಸ್ ತಗೊಳ್ಳಲ್ಲ.

ನೈಟ್‌ಶಿಫ್ಟ್‌ನಾಗ · 9:40

ಈಗಷ್ಟೇ ಶಿಫ್ಟ್ ಮುಗಿಸಿ ಬಂದೆ. ನಿದ್ದೆ ಹಾಳಾದರೂ ಪರವಾಗಿಲ್ಲ, ಇದಕ್ಕೆ ಬರೆಯಲೇಬೇಕು.

ಬೆಂಗಳೂರಿನ ಒಂದು ಕಾಲ್ ಸೆಂಟರಲ್ಲಿ ಕೆಲಸ. ನಮ್ಮದೇ ಕಂಪನಿಯ ಇನ್ನೊಂದು ತಂಡ ಗ್ವಾಟೆಮಾಲಾ ಸಿಟಿಯಲ್ಲಿದೆ. ನಮಗೂ ಅವರಿಗೂ ಹನ್ನೊಂದೂವರೆ ಗಂಟೆ ಅಂತರ. ನಮ್ಮ ರಾತ್ರಿ 8:30 ಅಂದ್ರೆ ಅವರ ಬೆಳಿಗ್ಗೆ 9. ಐದು ವರ್ಷದಿಂದ ದಿನಾ ಮಾತಾಡುತ್ತೇವೆ. ಅವರಲ್ಲಿ ಒಬ್ಬ ಕೊಬಾನ್ ಊರಿನವನು. ಕೊಬಾನ್ ಅಂದ್ರೆ ಇದೇ ಆಲ್ಟಾ ವೆರಾಪಾಸಿನ ಮುಖ್ಯ ಪಟ್ಟಣ. ಅವರ ಅಜ್ಜಂದು ಏಲಕ್ಕಿ ತೋಟ.

ಅವನು ಹೇಳಿದ್ದು ಇಷ್ಟು. ಅಲ್ಲಿ ಏಲಕ್ಕಿ ಬೆಳೆಯುವವರು ಬಹುಪಾಲು ಕೆಕ್ಚಿ ಅನ್ನೋ ಮಾಯಾ ಜನ, ಅಂದ್ರೆ ಅಲ್ಲಿನ ಮೂಲನಿವಾಸಿಗಳು. ಗುಡ್ಡದ ಇಳಿಜಾರಲ್ಲಿ ಒಂದು ಎಕರೆ, ಎರಡು ಎಕರೆ. ರಸ್ತೆ ಇಲ್ಲ. ಬೆನ್ನ ಮೇಲೆ ಹೊತ್ತು ತರಬೇಕು. ಒಣಗಿಸುವ ಗೂಡು ಅವರ ಹತ್ರ ಇಲ್ಲ, ಸೌದೆ ಉರಿಸುವ ದೊಡ್ಡ ಗೂಡು ಇರೋದು ಬೇರೆಯವರ ಹತ್ರ. ಹಾಗಾಗಿ ಹಸಿಕಾಯಿಯನ್ನೇ ಮಾರಬೇಕು. ಹಸಿಕಾಯಿ ಎರಡು ದಿನ ಇಟ್ಟರೆ ಕೆಟ್ಟಿತು. ದಾರಿಯಲ್ಲಿ ನಿಂತ ದಲ್ಲಾಳಿ ಹೇಳಿದ್ದೇ ರೇಟು.

ಆ ದಲ್ಲಾಳಿಗೆ ಅವರು ಇಟ್ಟ ಹೆಸರು "ಕೊಯೊಟೆ". ಅಂದ್ರೆ ನರಿಯಂಥ ಒಂದು ಕಾಡುಪ್ರಾಣಿ. ಕಳ್ಳದಾರಿಯಲ್ಲಿ ಅಮೆರಿಕಕ್ಕೆ ಜನ ಸಾಗಿಸುವವನಿಗೂ ಅದೇ ಹೆಸರು! "ನಮ್ಮೂರಲ್ಲಿ ಒಬ್ಬ ಕೊಯೊಟೆ ನಿನ್ನ ಏಲಕ್ಕಿ ಒಯ್ಯುತ್ತಾನೆ, ಇನ್ನೊಬ್ಬ ಕೊಯೊಟೆ ನಿನ್ನ ಮಗನನ್ನ ಒಯ್ಯುತ್ತಾನೆ" ಅಂತ ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ.

ಏಲಕ್ಕಿಮಲೆ · 10:05

ನಾಗಣ್ಣ, ಇದು ನಮ್ಮ ಕಥೆಯೇ ಅಲ್ವಾ! ನಮ್ಮಲ್ಲೂ ಡ್ರೈಯರ್ ಇಲ್ಲದವರು ಹಸಿಕಾಯಿ ಕೊಟ್ಟು ಬಿಡುತ್ತಾರೆ. ಅಲ್ಲಿ ಮಳೆ ಹೇಗಂತೆ?

ನೈಟ್‌ಶಿಫ್ಟ್‌ನಾಗ · 10:11

ಅದನ್ನ ಕೇಳಿದ್ದೇ ಒಳ್ಳೇದಾಯ್ತು. ಕೊಬಾನಿನ ಜಿಟಿಜಿಟಿ ಮಳೆಗೆ ಅವರು "ಚಿಪಿಚಿಪಿ" ಅಂತಾರೆ. ದಿನಗಟ್ಟಲೆ ಬೀಳುತ್ತಂತೆ. ಮೀಟಿಂಗಲ್ಲಿ ನಾನು "ಜಿಟಿಜಿಟಿ" ಅಂದೆ, ಅವನು "ಚಿಪಿಚಿಪಿ" ಅಂದ. ಮ್ಯಾನೇಜರ್ ಇಬ್ಬರನ್ನೂ ಮ್ಯೂಟ್ ಮಾಡಿದರು. ಸರಿ, ಮಲಗ್ತೀನಿ.

ಬೆಟ್ಟದಹೂವು · 11:20

ಏಲಕ್ಕಿ ಅಲ್ಲಿಗೆ ಹೋಗಿದ್ದೇ ನಮ್ಮ ದೇಶದಿಂದ ಅಂತಾರೆ. ಆಸ್ಕರ್ ಮಾಯುಸ್ ಕ್ಲೋಫರ್ ಅನ್ನೋ ಜರ್ಮನ್ ಕಾಫಿ ಪ್ಲಾಂಟರ್ 1914ರ ಹೊತ್ತಿಗೆ ಕೊಬಾನ್ ಹತ್ತಿರ ನೆಡಿಸಿದ. ಆ ಕಡೆ ಜರ್ಮನ್ನರ ಕಾಫಿ ತೋಟಗಳೇ ತುಂಬಿದ್ದವು. ಎರಡನೇ ಮಹಾಯುದ್ಧದಲ್ಲಿ ಅವರ ತೋಟಗಳನ್ನ ಸರ್ಕಾರ ಕಿತ್ತುಕೊಂಡಿತು, ಎಷ್ಟೋ ಜನರನ್ನ ಹಿಡಿದು ಅಮೆರಿಕಕ್ಕೆ ಕಳಿಸಿತು. ಆದರೆ ಗಿಡ ಅಲ್ಲೇ ಉಳಿಯಿತು.

1980ರ ದಶಕದಲ್ಲಿ ನಮ್ಮನ್ನ ಹಿಂದೆ ಹಾಕಿದರು. ಒಳ್ಳೆ ವರ್ಷದಲ್ಲಿ ಅವರದು 30 ಸಾವಿರ ಟನ್ ದಾಟುತ್ತೆ. ನಮ್ಮ ಇಡೀ ದೇಶದ್ದು 20 ಸಾವಿರ ಟನ್ ಆಸುಪಾಸು, ಅದರಲ್ಲೂ ಬಹುಪಾಲು ಕೇರಳದ ಇಡುಕ್ಕಿಯದು. ನಮ್ಮ ಕೊಡಗು, ಹಾಸನ, ಚಿಕ್ಕಮಗಳೂರಿನದು ಲೆಕ್ಕಕ್ಕೇ ಇಲ್ಲ.

ಮಜಾ ಏನಂದ್ರೆ ಅಲ್ಲಿನ ಜನ ಏಲಕ್ಕಿ ತಿನ್ನಲ್ಲ. ಪಾಯಸ ಇಲ್ಲ, ಕೇಸರಿಬಾತ್ ಇಲ್ಲ. ಎಲ್ಲ ಹೊರಗೆ ಹೋಗುತ್ತೆ. ಹೆಚ್ಚಿನದು ಸೌದಿ, ಕೊಲ್ಲಿ ದೇಶಗಳ ಕಾಫಿಗೆ. ನಮ್ಮದಾದರೆ ರೇಟು ಬಿದ್ದರೂ ಮನೆಮನೆಯಲ್ಲಿ ಖರ್ಚಾಗುತ್ತೆ. ಅವರಿಗೆ ಹೊರಗಿನವನು ಬೇಡ ಅಂದರೆ ಮುಗೀತು.

ರೊಟ್ಟಿಪಂಚಾಯ್ತಿ · 11:34

ತಿನ್ನದೇ ಇರೋದನ್ನ ಬೆಳೆಯೋದಾ?! ಮತ್ತೆ ಏನ್ ತಿಂತಾರೆ?

ಬೆಟ್ಟದಹೂವು · 11:41

ಮೂರು ಹೊತ್ತೂ ಮೆಕ್ಕೆಜೋಳದ ರೊಟ್ಟಿ, ಕಪ್ಪು ಬೀನ್ಸ್. ಕೈಯಲ್ಲೇ ತಟ್ಟುತ್ತಾರೆ, ನಿಮ್ಮ ಕಡೆ ಹಾಗೇ. ಜೋಳವನ್ನ ಸುಣ್ಣದ ನೀರಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಆಮೇಲೆ ರುಬ್ಬೋದು.

ರೊಟ್ಟಿಪಂಚಾಯ್ತಿ · 11:43

ಸುಣ್ಣ? ಎಲಿ ಅಡಿಕಿಗೆ ಹಚ್ಚೋ ಸುಣ್ಣ?

ಡಾಕ್ಟ್ರಮ್ಮ · 12:30

ಹೌದು, ತಿನ್ನೋ ಸುಣ್ಣವೇ. ಮೆಕ್ಕೆಜೋಳದಲ್ಲಿ ಒಂದು ಬಿ ವಿಟಮಿನ್ ಇದೆ, ಆದರೆ ಮೈಗೆ ಹತ್ತಲ್ಲ. ಸುಣ್ಣದಲ್ಲಿ ಬೇಯಿಸಿದರೆ ಹತ್ತುತ್ತೆ. ಯುರೋಪಿನವರು ಜೋಳ ಒಯ್ದರು, ಸುಣ್ಣದ ವಿದ್ಯೆ ಬಿಟ್ಟು ಹೋದರು. ಅಲ್ಲಿ ಬರೀ ಜೋಳ ತಿಂದ ಬಡವರಿಗೆ ಪೆಲಾಗ್ರಾ ಅನ್ನೋ ಚರ್ಮದ ಕಾಯಿಲೆ ಬಂತು. ಮಾಯಾ ಅಜ್ಜಿಯರಿಗೆ ಸಾವಿರಾರು ವರ್ಷದಿಂದ ಗೊತ್ತಿದ್ದ ಸಂಗತಿ.

ಊಟದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಾನು ಮಕ್ಕಳ ಪೌಷ್ಟಿಕತೆಯ ಕೆಲಸದಲ್ಲಿರುವವಳು. ನಮ್ಮ ಓದಿನಲ್ಲಿ ಗ್ವಾಟೆಮಾಲಾ ಹೆಸರು ಪದೇ ಪದೇ ಬರುತ್ತೆ. ಅದೂ ಎರಡು ಕಾರಣಕ್ಕೆ.

ಒಂದು, ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು 2014-15ರಲ್ಲಿ 46.5%. ಜಗತ್ತಿನಲ್ಲೇ ಅತಿ ಹೆಚ್ಚಿನ ಸಾಲಿಗೆ ಸೇರಿದ್ದು. ನಮ್ಮ ಕರ್ನಾಟಕದ್ದು 2019-21ರ ಸಮೀಕ್ಷೆಯಲ್ಲಿ 35.4%. ಬೀಗೋ ಹಾಗಿಲ್ಲ, ನಮ್ಮದೂ ಕೆಟ್ಟದ್ದೇ. ಆದರೆ ಭಾರತಕ್ಕಿಂತ ಎರಡು ಪಟ್ಟು ಆದಾಯದ ದೇಶದಲ್ಲಿ ಹೀಗಿದೆ ಅನ್ನೋದು ಯೋಚಿಸಬೇಕಾದ ಮಾತು.

ಎರಡು, ಇದಕ್ಕೆ ಉತ್ತರ ಸಿಕ್ಕಿದ್ದೂ ಅಲ್ಲೇ. 1969ರಿಂದ 1977ರವರೆಗೆ ನಾಲ್ಕು ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಎರಡು ಹಳ್ಳಿಗೆ "ಅತೋಲೆ" ಅನ್ನೋ ಪೌಷ್ಟಿಕ ಗಂಜಿ. ಇನ್ನೆರಡಕ್ಕೆ ಸಿಹಿ ಪಾನಕ. ಆ ಮಕ್ಕಳನ್ನ ದೊಡ್ಡವರಾದ ಮೇಲೆ ಮತ್ತೆ ಹುಡುಕಿ ನೋಡಿದರು. ಮೊದಲ ಎರಡು ವರ್ಷ ಗಂಜಿ ಕುಡಿದ ಗಂಡಸರ ಗಂಟೆ ಕೂಲಿ ಸರಾಸರಿ 46% ಜಾಸ್ತಿ ಇತ್ತು. ಹೆಂಗಸರ ಕೂಲಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನಾವು ಅಂಗನವಾಡಿಗಳಲ್ಲಿ "ಮೊದಲ ಸಾವಿರ ದಿನ" ಅಂತ ಹೇಳುತ್ತೇವಲ್ಲ, ಆ ಮಾತಿಗೆ ಬಲ ಕೊಟ್ಟದ್ದು ಈ ಹಳ್ಳಿಗಳೂ ಹೌದು. ಪಾಠ ಜಗತ್ತಿಗೆಲ್ಲ ಸಿಕ್ಕಿತು. ಗಂಜಿ ಮಾತ್ರ ಆ ದೇಶದ ಎಲ್ಲ ಮಕ್ಕಳಿಗೆ ಸಿಗಲಿಲ್ಲ.

ಹಾವೇರಿಹೈದ · 12:52

ಡಾಕ್ಟ್ರಮ್ಮ, ಹೆಂಗಸರ ಕೂಲಿ ಯಾಕೆ ಜಾಸ್ತಿ ಆಗಲಿಲ್ಲ?

ಡಾಕ್ಟ್ರಮ್ಮ · 1:05

ಗಂಜಿ ಕುಡಿಸಬಹುದು ತಮ್ಮಾ, ಕೆಲಸ ಯಾರು ಕೊಡ್ತಾರೆ? ಇದು ನನ್ನ ಊಹೆ ಅಷ್ಟೇ. ಅದೇ ಹಳ್ಳಿಗಳ ಹೆಣ್ಣುಮಕ್ಕಳು ಓದಿನಲ್ಲಿ ಮುಂದೆ ಹೋಗಿದ್ದರು.

ನೇರನುಡಿ · 1:30

ಸರಿ, ನನ್ನ ಪ್ರಶ್ನೆ. ಸರ್ಕಾರ ಏನು ಮಾಡ್ತಿತ್ತು? ಗಂಜಿಗೆ ದುಡ್ಡಿಲ್ವಾ?

ಅಂಕಿಅಕ್ಕ · 2:10

ನಿಜವಾಗಲೂ ದುಡ್ಡಿಲ್ಲ. ಅಲ್ಲಿನ ಸರ್ಕಾರ ಸಂಗ್ರಹಿಸೋ ತೆರಿಗೆ ದೇಶದ ಉತ್ಪನ್ನದ 12% ಸುತ್ತಮುತ್ತ. ಲ್ಯಾಟಿನ್ ಅಮೆರಿಕದಲ್ಲೇ ಅತಿ ಕಡಿಮೆ ಇರುವವರ ಸಾಲಲ್ಲಿ ಅವರೂ ಇದ್ದಾರೆ. 1996ರ ಶಾಂತಿ ಒಪ್ಪಂದದಲ್ಲಿ "2000ದ ಹೊತ್ತಿಗೆ 12% ಮಾಡುತ್ತೇವೆ" ಅಂತ ಬರೆದುಕೊಟ್ಟಿದ್ದರು. ಆ ಗಡುವಿಗೆ ಮುಟ್ಟಲೇ ಇಲ್ಲ. ಸಿರಿವಂತರು ತೆರಿಗೆ ಅಂದ್ರೆ ಬೀದಿಗೆ ಬರುತ್ತಾರೆ, ಕೋರ್ಟಿಗೆ ಹೋಗುತ್ತಾರೆ.

ಹಾಗಂತ ದೇಶದ ಲೆಕ್ಕಪತ್ರ ಕೆಟ್ಟಿಲ್ಲ. ಸಾಲ ಕಡಿಮೆ. ಅವರ ದುಡ್ಡಿನ ಹೆಸರು ಕೆಟ್ಸಾಲ್, ಅದು ಅವರ ರಾಷ್ಟ್ರಪಕ್ಷಿಯ ಹೆಸರೂ ಹೌದು. ಎಷ್ಟೋ ವರ್ಷದಿಂದ ಡಾಲರಿಗೆ ಏಳೆಂಟರ ಆಸುಪಾಸಿನಲ್ಲೇ ನಿಂತಿದೆ. ರೂಪಾಯಿ ಈ ಅವಧಿಯಲ್ಲಿ ಎಲ್ಲಿಂದ ಎಲ್ಲಿಗೆ ಬಂತು ನೋಡಿ. ಬ್ಯಾಂಕಿನವರಿಗೆ ಅದು ಶಿಸ್ತಿನ ದೇಶ. ಮಗು ಹೆತ್ತ ತಾಯಿಗೆ ಆ ಶಿಸ್ತಿನಿಂದ ಏನೂ ಬರಲಿಲ್ಲ.

ಟೆಕ್ಸಾಸ್‌ತಿಮ್ಮ · 7:45 ಸಂಜೆ

ಇಲ್ಲಿ ಹ್ಯೂಸ್ಟನಿನಲ್ಲಿ ಈಗ ಬೆಳಗಾಯಿತು. ನಮ್ಮ ಮನೆ ಮಾಡು ಹಾಕಿದವರು, ಪಕ್ಕದ ಬೀದಿಯ ಹೋಟೆಲಿನವರು ಎಲ್ಲ ಗ್ವಾಟೆಮಾಲಾದವರು. ಏಲಕ್ಕಿ, ಕಾಫಿ, ಬಾಳೆ ಅಂತ ನೀವು ಮಾತಾಡುತ್ತಾ ಇದ್ದೀರಿ. ಆ ದೇಶದ ದೊಡ್ಡ ಬೆಳೆ ಇದ್ಯಾವುದೂ ಅಲ್ಲ. ಜನ.

2023ರಲ್ಲಿ ಹೊರಗಿದ್ದವರು ಮನೆಗೆ ಕಳಿಸಿದ್ದು ಸುಮಾರು 1,980 ಕೋಟಿ ಡಾಲರ್. 2024ರಲ್ಲಿ 2,150 ಕೋಟಿ. ದೇಶದ ಉತ್ಪನ್ನದ ಐದನೇ ಒಂದು ಭಾಗದಷ್ಟು. ಬಹುಪಾಲು ಹೋಗೋದು ಇಲ್ಲಿಂದ, ಇಂಥ ಮಾಡು ಹಾಕುವವರ, ಪಾತ್ರೆ ತೊಳೆಯುವವರ ಕೈಯಿಂದ.

ಅವರ ಊರಿನ ಫೋಟೋ ತೋರಿಸುತ್ತಾರೆ. ಜೋಳದ ಹೊಲದ ನಡುವೆ ಮೂರು ಅಂತಸ್ತಿನ ಮನೆ, ಬಣ್ಣಬಣ್ಣದ ಗಾಜು. ಮನೆಯಲ್ಲಿ ಇರೋದು ಒಬ್ಬಳು ಅಜ್ಜಿ. ನಮ್ಮ ಭಟ್ಕಳ, ಮಂಗಳೂರಿನ ಕಡೆ ಗಲ್ಫ್ ದುಡ್ಡಿನ ಮನೆ ನೋಡಿದವರಿಗೆ ಇದು ಹೊಸದಲ್ಲ. ಒಂದೇ ವ್ಯತ್ಯಾಸ. ನಮ್ಮವರು ಎರಡು ವರ್ಷಕ್ಕೊಮ್ಮೆ ರಜೆಗೆ ಬರುತ್ತಾರೆ. ಇವರಿಗೆ ಕಾಗದಪತ್ರ ಇಲ್ಲ. ಒಮ್ಮೆ ಊರಿಗೆ ಹೋದರೆ ಮತ್ತೆ ಬರೋ ಗ್ಯಾರಂಟಿ ಇಲ್ಲ. ಮಾಡು ಹಾಕಿದವನು ತಾನು ಕಟ್ಟಿಸಿದ ಮನೆಯನ್ನ ಇನ್ನೂ ಕಣ್ಣಾರೆ ನೋಡಿಲ್ಲ. ವಿಡಿಯೋ ಕಾಲಲ್ಲಿ ಬಾಗಿಲ ಬಣ್ಣ ಆರಿಸಿದನಂತೆ.

ನುಡಿಮಿತ್ರ · 8:02

ತಿಮ್ಮಣ್ಣ, ಅವರು ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಾರೆ? ಸ್ಪ್ಯಾನಿಷ್?

ಟೆಕ್ಸಾಸ್‌ತಿಮ್ಮ · 8:09

ನಾನೂ ಹಾಗೇ ಅಂದುಕೊಂಡಿದ್ದೆ. ನಾನು ಕಲಿತ ಅರೆಬರೆ ಸ್ಪ್ಯಾನಿಷಲ್ಲಿ ಮಾತಾಡಿದರೆ ಅವರಲ್ಲಿ ಇಬ್ಬರಿಗೆ ನನ್ನಷ್ಟೂ ಬರಲ್ಲ! ಅವರದು ಮಾಮ್ ಅನ್ನೋ ಮಾಯಾ ಭಾಷೆ. ಇಲ್ಲಿನ ವಲಸೆ ಕೋರ್ಟುಗಳಲ್ಲಿ ಮಾಮ್, ಕಿಚೆ ದುಭಾಷಿಗಳಿಗೆ ಭಾರಿ ಬೇಡಿಕೆ. ಕೋರ್ಟಿನವರು ಸ್ಪ್ಯಾನಿಷ್ ದುಭಾಷಿಯನ್ನ ಕೂರಿಸಿ, ಇವರು ಅರ್ಥವಾಗದೆ ತಲೆ ಆಡಿಸಿ, ಕೇಸು ಹಾಳಾದದ್ದೂ ಉಂಟು.

ನುಡಿಮಿತ್ರ · 9:00

ಇದನ್ನೇ ಹೇಳಬೇಕು ಅಂತಿದ್ದೆ. ಅಲ್ಲಿ 22 ಮಾಯಾ ಭಾಷೆಗಳು. ಜೊತೆಗೆ ಶಿಂಕಾ, ಕರಾವಳಿಯ ಗರಿಫುನಾ, ಮೇಲೆ ಸ್ಪ್ಯಾನಿಷ್. ಕಿಚೆ, ಕೆಕ್ಚಿ ಎರಡಕ್ಕೂ ಹತ್ತು ಲಕ್ಷ ದಾಟಿದ ಮಾತುಗಾರರು. ನಮ್ಮ ತುಳು, ಕೊಡವ, ಬ್ಯಾರಿ ಬಗ್ಗೆ ಜಗಳ ಆಡುವವರು ಈ ದೇಶ ನೋಡಬೇಕು. 2003ರಲ್ಲಿ ಕಾನೂನು ಮಾಡಿ ಈ ಭಾಷೆಗಳಿಗೆ ರಾಷ್ಟ್ರೀಯ ಭಾಷೆಯ ಮಾನ ಕೊಟ್ಟರು. ಆಡಳಿತ ಭಾಷೆ ಮಾತ್ರ ಇವತ್ತಿಗೂ ಸ್ಪ್ಯಾನಿಷ್ ಒಂದೇ.

2018ರ ಗಣತಿಯಲ್ಲಿ ತಾವು ಮಾಯಾ ಅಂದವರು ಸುಮಾರು 42%. "ಲದಿನೊ" ಅಂದವರು 56%. ಈ ಲದಿನೊ ಅನ್ನೋ ಪದ ವಿಚಿತ್ರ. ಅದು ರಕ್ತದ ಲೆಕ್ಕ ಅಲ್ಲ. ಅಪ್ಪ ಅಮ್ಮನ ಭಾಷೆ ಬಿಟ್ಟು, ಕೈಮಗ್ಗದ ಬಟ್ಟೆ ಬಿಟ್ಟು, ಪೇಟೆ ಸೇರಿ ಸ್ಪ್ಯಾನಿಷ್ ಆಡಿದರೆ ಎರಡು ತಲೆಮಾರಲ್ಲಿ ಲದಿನೊ. ನುಡಿ ಬಿಟ್ಟರೆ ಜಾತಿ ಬದಲಾಗುತ್ತೆ ಅಂದಹಾಗೆ.

ನೇರನುಡಿ · 9:12

ಅದರಲ್ಲಿ ತಪ್ಪೇನು? ಸ್ಪ್ಯಾನಿಷ್ ಕಲಿತರೆ ಕೆಲಸ ಸಿಗುತ್ತೆ. ಕೆಕ್ಚಿ ಹಿಡಿದುಕೊಂಡು ಕೂತರೆ ಕೊಯೊಟೆ ಹೇಳಿದ ರೇಟೇ ಗತಿ. ಇಂಗ್ಲಿಷ್ ಬಂದಿದ್ದಕ್ಕೇ ನಾಗನಿಗೆ ಕೆಲಸ ಸಿಕ್ಕಿದ್ದು.

ನುಡಿಮಿತ್ರ · 9:20

ಕಲಿಯೋದು ಬೇರೆ, ಬಿಡೋದು ಬೇರೆ ಸ್ವಾಮಿ. ತಕ್ಕಡಿ ಹಿಡಿದವನಿಗೆ ಕೆಕ್ಚಿ ಚೆನ್ನಾಗಿಯೇ ಬರುತ್ತೆ, ನೆನಪಿರಲಿ. ಬಾರದಿರೋದು ಆಸ್ಪತ್ರೆಯವರಿಗೆ, ಕೋರ್ಟಿನವರಿಗೆ, ಮೇಷ್ಟ್ರಿಗೆ.

ನೈಟ್‌ಶಿಫ್ಟ್‌ನಾಗ · 9:25

ನನ್ನ ಹೆಸರು ಯಾರೋ ಎತ್ತಿದರು. ನಮ್ಮ ಗ್ವಾಟೆಮಾಲಾ ತಂಡದಲ್ಲಿ ಒಳ್ಳೆ ಇಂಗ್ಲಿಷ್ ಆಡುವವರು ಯಾರು ಗೊತ್ತಾ? ಅಮೆರಿಕದಿಂದ ಗಡಿಪಾರಾಗಿ ಬಂದವರು. ಎರಡು ವರ್ಷದ ಮಗುವಾಗಿದ್ದಾಗ ಹೋಗಿ, ಇಪ್ಪತ್ತೈದಕ್ಕೆ ವಾಪಸ್ ತಳ್ಳಿಸಿಕೊಂಡವರು. ಸ್ಪ್ಯಾನಿಷ್ ತಡವರಿಸುತ್ತೆ. ಫೋನಲ್ಲಿ ಅಮೆರಿಕದವರು "ನೀನು ಯಾವ ರಾಜ್ಯದವನು" ಅಂತ ಕೇಳುತ್ತಾರೆ. ತಮ್ಮನ್ನ ಹೊರಗೆ ಹಾಕಿದ ದೇಶದವರ ಬಿಲ್ ಸರಿ ಮಾಡಿಕೊಡುತ್ತಾ ಕೂತಿರುತ್ತಾರೆ. ಲಾಗಿನ್ ಟೈಮ್ ಆಯ್ತು, ಬರ್ತೀನಿ.

ಸಾಗರದಾಚೆ · ಮಂಗಳವಾರ ಬೆಳಿಗ್ಗೆ 6:50

ನೆಲದ ಮಾತು ಯಾರೂ ಎತ್ತಲಿಲ್ಲ. ಮೂಲ ಅಲ್ಲೇ ಇದೆ.

1870ರ ದಶಕದಲ್ಲಿ ಕಾಫಿಗೋಸ್ಕರ ಮಾಯಾ ಊರುಗಳ ಸಮುದಾಯದ ಜಮೀನು ತೋಟದವರ ಪಾಲಾಯಿತು. ನೆಲ ಹೋದವರು ಅದೇ ತೋಟದಲ್ಲಿ ಕೂಲಿ. 1934ರಲ್ಲಿ ಯುಬಿಕೊ ಅನ್ನೋ ಸರ್ವಾಧಿಕಾರಿ "ಅಲೆಮಾರಿ ಕಾಯ್ದೆ" ತಂದ. ನೆಲ ಇಲ್ಲದವನು, ಚೂರುಪಾರು ಇರುವವನು ವರ್ಷಕ್ಕೆ 100ರಿಂದ 150 ದಿನ ದೊಡ್ಡವರ ಹೊಲದಲ್ಲಿ ದುಡಿದಿದ್ದೇನೆ ಅಂತ ಪುಸ್ತಕದಲ್ಲಿ ಬರೆಸಿಕೊಂಡು ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಜೈಲು.

1944ರಲ್ಲಿ ಕ್ರಾಂತಿ ಆಯಿತು. 1952ರಲ್ಲಿ ಅಧ್ಯಕ್ಷ ಹಾಕೊಬೊ ಅರ್ಬೆನ್ಸ್ ಭೂಸುಧಾರಣೆ ತಂದ. ಪಾಳು ಬಿಟ್ಟ ಜಮೀನನ್ನ ಮಾತ್ರ ತೆಗೆದುಕೊಂಡು ಸುಮಾರು ಒಂದು ಲಕ್ಷ ಕುಟುಂಬಗಳಿಗೆ ಹಂಚಿದ. ಅಮೆರಿಕದ ಬಾಳೆಹಣ್ಣಿನ ಕಂಪನಿ ಯುನೈಟೆಡ್ ಫ್ರೂಟ್‌ಗೂ ಪರಿಹಾರ ಕೊಡುತ್ತೇನೆ ಅಂದ. ಎಷ್ಟು? ತೆರಿಗೆ ತಪ್ಪಿಸಲು ಕಂಪನಿಯೇ ತೋರಿಸಿದ್ದ ಬೆಲೆ, ಸುಮಾರು 12 ಲಕ್ಷ ಡಾಲರ್. ಕಂಪನಿ ಪರವಾಗಿ ಅಮೆರಿಕ ಸರ್ಕಾರ ಕೇಳಿದ್ದು ಸುಮಾರು 1 ಕೋಟಿ 58 ಲಕ್ಷ. 1954ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅರ್ಬೆನ್ಸ್‌ನನ್ನ ಕೆಳಗಿಳಿಸಿತು. ಹಂಚಿದ ಜಮೀನು ವಾಪಸ್ ಕಿತ್ತುಕೊಂಡರು.

ಹಾವೇರಿಹೈದ · 7:05

ರಿಜಿಸ್ಟ್ರೇಶನ್‌ಗೆ ಒಂದು ರೇಟು, ಮಾರೋಕೆ ಇನ್ನೊಂದು ರೇಟು. ಇದು ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸ್ ಕಥೆ ಅಲ್ವಾ 😀

ಬೆಟ್ಟದಹೂವು · 7:40

ಸಾಗರದವರೇ, ನಮ್ಮಲ್ಲಿ ದೇವರಾಜ ಅರಸು ಇದ್ದರು, 1974ರಲ್ಲಿ ಉಳುವವನೇ ಹೊಲದೊಡೆಯ ಆಯಿತು. ಅವರಿಗೆ ಅಂಥವರು ಉಳಿಯಲಿಲ್ಲ. ಅಷ್ಟೇ ವ್ಯತ್ಯಾಸ.

ಸಾಗರದಾಚೆ · 8:00

ಅಷ್ಟೇ ಅಲ್ಲ. ನಮ್ಮ ಆ ಕಾಯ್ದೆಯಲ್ಲೂ ಕಾಫಿ, ಏಲಕ್ಕಿ, ರಬ್ಬರ್ ತೋಟಗಳಿಗೆ ವಿನಾಯಿತಿ ಇತ್ತು. ನಿಮ್ಮ ಕಡೆ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಇದ್ದವರು ಇವತ್ತಿಗೂ ಲೈನ್ ಮನೆಯಲ್ಲೇ ಇದ್ದಾರೆ. ಅಲ್ಲಿನ ತೋಟಗಳಲ್ಲೂ ಹಾಗೇ, ಇರೋದಕ್ಕೆ ಜಾಗ ಕೊಟ್ಟು ಕೆಲಸ ಮಾಡಿಸಿಕೊಳ್ಳುವ ಪದ್ಧತಿ. ಕೆಲಸ ಬಿಟ್ಟರೆ ಮನೆಯೂ ಹೋಯಿತು.

ಬೆಟ್ಟದಹೂವು · 8:14

ಎಲ್ಲ ತೋಟದವರನ್ನ ಒಂದೇ ತಕ್ಕಡಿಗೆ ಹಾಕಬೇಡಿ. ನಮ್ಮ ಲೈನಿನಲ್ಲಿ ಈಗ ಅಸ್ಸಾಮಿನವರು ಇದ್ದಾರೆ, ಹಬ್ಬಕ್ಕೆ ಹೋದರೆ ಬರುತ್ತಾರೋ ಇಲ್ಲವೋ ಅಂತ ನಾವೇ ಕಾಯಬೇಕು. ಯಾರು ಯಾರ ಕೈಯಲ್ಲಿದ್ದಾರೆ ಹೇಳಿ?

ಸಾಗರದಾಚೆ · 8:55

ಅದೂ ಒಂದು ಮಾತು. ಜಗಳ ಬೇಡ.

ನಾನು ಇದನ್ನೆಲ್ಲ ಓದಲು ಶುರು ಮಾಡಿದ್ದು ಬೇರೆ ಕಾರಣಕ್ಕೆ. ನಮ್ಮದು ಶರಾವತಿ ಮುಳುಗಡೆಯ ಕುಟುಂಬ. ಅಜ್ಜನ ಮನೆ ಲಿಂಗನಮಕ್ಕಿ ನೀರಿನಡಿ ಇದೆ. ಬದಲಿಗೆ ಕೊಟ್ಟ ಜಾಗಕ್ಕೆ ಸರಿಯಾದ ಹಕ್ಕುಪತ್ರಕ್ಕಾಗಿ ಮೂರು ತಲೆಮಾರು ಓಡಾಡಿದೆ. ಹಾಗಾಗಿ ಎಲ್ಲಿ ಅಣೆಕಟ್ಟು ಅಂದರೂ ಓದುತ್ತೇನೆ.

ಗ್ವಾಟೆಮಾಲಾದಲ್ಲಿ ಚಿಶೋಯ್ ಅಂತ ಒಂದು ಅಣೆಕಟ್ಟು. ಸಾಲ ಕೊಟ್ಟವರಲ್ಲಿ ವಿಶ್ವ ಬ್ಯಾಂಕೂ ಇತ್ತು. ಅದರ ನೀರಿಗೆ ರಿಯೊ ನೀಗ್ರೊ ಅನ್ನೋ ಮಾಯಾ ಅಚಿ ಜನರ ಊರು ಅಡ್ಡ ಇತ್ತು. ಅವರು ಏಳಲ್ಲ ಅಂದರು. 1982ರ ಮಾರ್ಚ್ 13ರಂದು ಸೈನಿಕರು ಮತ್ತು ಅವರ ಕೈಕೆಳಗಿನ ಗಸ್ತಿನವರು ಬಂದು 70 ಹೆಂಗಸರನ್ನ, 107 ಮಕ್ಕಳನ್ನ ಗುಡ್ಡಕ್ಕೆ ಹತ್ತಿಸಿ ಕೊಂದರು. ಆ ಒಂದೆರಡು ವರ್ಷದಲ್ಲಿ ಆ ಊರಿನ 400ಕ್ಕೂ ಹೆಚ್ಚು ಜನ ಸತ್ತರು. ಪರಿಹಾರಕ್ಕೆ ಸರ್ಕಾರ ಒಪ್ಪಿದ್ದು 2014ರಲ್ಲಿ.

ನಮ್ಮ ಅಜ್ಜ ಲಾರಿ ಹತ್ತಿ ಜೀವಂತ ಬಂದರು. ಹೋಲಿಸುತ್ತಿಲ್ಲ. ಹೋಲಿಸೋಕೆ ಆಗಲ್ಲ.

ಏಲಕ್ಕಿಮಲೆ · 9:30

ಓದಿ ಸುಮ್ನೆ ಕೂತುಬಿಟ್ಟೆ. ಇದು ಯಾವ ಯುದ್ಧದ ಕಾಲ?

ಅಂಕಿಅಕ್ಕ · 10:20

1960ರಿಂದ 1996ರವರೆಗೆ, 36 ವರ್ಷದ ಅಂತರ್ಯುದ್ಧ. ಡಿಸೆಂಬರ್ 29ಕ್ಕೆ ಒಪ್ಪಂದ ಆಗಿ ಮುಗಿಯಿತು. ಸತ್ತವರು, ಕಾಣೆಯಾದವರು ಸೇರಿ ಸುಮಾರು ಎರಡು ಲಕ್ಷ. ವಿಶ್ವಸಂಸ್ಥೆ ಬೆಂಬಲದ ಸತ್ಯ ಆಯೋಗ 1999ರಲ್ಲಿ ವರದಿ ಕೊಟ್ಟಿತು. ಗುರುತು ಸಿಕ್ಕ ಬಲಿಪಶುಗಳಲ್ಲಿ 83% ಮಾಯಾ ಜನ. ಅನ್ಯಾಯಗಳಲ್ಲಿ 93% ಸರ್ಕಾರದ ಕಡೆಯವರದು. 1982-83ರಲ್ಲಿ ಆಳಿದ ಜನರಲ್ ರಿಯೋಸ್ ಮಾಂಟ್‌ಗೆ 2013ರ ಮೇ 10ರಂದು ಜನಾಂಗ ಹತ್ಯೆಯ ಅಪರಾಧದಲ್ಲಿ ಶಿಕ್ಷೆ ಆಯಿತು. ಹತ್ತೇ ದಿನಕ್ಕೆ ಮೇಲಿನ ಕೋರ್ಟ್ ಅದನ್ನ ರದ್ದು ಮಾಡಿತು. 2018ರಲ್ಲಿ ಅವನು ಸತ್ತ.

ನೇರನುಡಿ · 10:41

ಇಷ್ಟೆಲ್ಲ ಗೊತ್ತಿರಲಿಲ್ಲ. ನನ್ನ ಮೊದಲ ಮಾತು ಹಗುರವಾಯಿತು. ಆದರೆ ಲಂಚ?

ಅಂಕಿಅಕ್ಕ · 10:58

ಬಿಡಲ್ಲ ನೀವು 🙂 ಲಂಚದ ಮಾತು ನಿಜ. 2015ರಲ್ಲಿ ಕಸ್ಟಮ್ಸ್ ಹಗರಣದಲ್ಲಿ ಅಧ್ಯಕ್ಷನೇ ರಾಜೀನಾಮೆ ಕೊಟ್ಟು ಜೈಲಿಗೆ ಹೋದ. ತನಿಖೆಗೆ ವಿಶ್ವಸಂಸ್ಥೆಯದೇ ಒಂದು ಆಯೋಗ ಅಲ್ಲಿತ್ತು. 2019ರಲ್ಲಿ ಅದನ್ನ ಹೊರಗೆ ಹಾಕಿದರು. 2023ರ ಅಧ್ಯಕ್ಷ ಚುನಾವಣೆಯಲ್ಲಿ ಬರ್ನಾರ್ಡೊ ಅರೆವಾಲೊ ಲಂಚದ ವಿರುದ್ಧ ಮಾತಾಡಿಯೇ ಗೆದ್ದರು. ಅವರ ತಂದೆ 1945ರಿಂದ ಅಧ್ಯಕ್ಷರಾಗಿದ್ದವರು. ಪ್ರಾಸಿಕ್ಯೂಟರ್‌ಗಳು ಗೆಲುವನ್ನ ತಡೆಯಲು ನೋಡಿದಾಗ ರಸ್ತೆಗೆ ಇಳಿದದ್ದು ಯಾರು? ಟೊಟೊನಿಕಪಾನಿನ 48 ಊರುಗಳ ಮಾಯಾ ಮುಖಂಡರು. ಅಕ್ಟೋಬರ್ ತಿಂಗಳು ವಾರಗಟ್ಟಲೆ ಹೆದ್ದಾರಿ ಬಂದ್. 2024ರ ಜನವರಿಯಲ್ಲಿ ಪ್ರಮಾಣವಚನ ಎಳೆದೂ ಎಳೆದೂ ನಡುರಾತ್ರಿ ದಾಟಿದ ಮೇಲೆ ಆಯಿತು.

ರೊಟ್ಟಿಪಂಚಾಯ್ತಿ · 12:15

ಸೀರಿಯಸ್ ನಡುವೆ ಕ್ಷಮಿಸಿ. ನಾನು ನಿನ್ನೆಯಿಂದ ಅವರ ಅಡುಗೆ ವಿಡಿಯೋ ನೋಡುತ್ತಾ ಇದ್ದೇನೆ. ಅವರ ಸಾರಿನಲ್ಲಿ ಸೀಮೆಬದನೆಕಾಯಿ ಇದೆ! ಅವರು ಅದಕ್ಕೆ "ಗ್ವಿಸ್ಕಿಲ್" ಅಂತಾರೆ. ತಮಿಳರು, ತೆಲುಗರು ಅದನ್ನೇ ಬೆಂಗಳೂರು ಬದನೆ ಅಂತ ಕರೆಯೋದು. ಇದು ಯಾರದ್ದು?

ಬೆಟ್ಟದಹೂವು · 12:33

ಅವರ ಕಡೆಯದೇ. ಪಪ್ಪಾಯಿಯೂ ಆ ಕಡೆಯದೇ, ಚಿಕ್ಕೂ ಹಣ್ಣೂ. ಚಿಕ್ಕೂ ಮರದ ಹಾಲಿನಿಂದಲೇ ಹಿಂದೆ ಚ್ಯೂಯಿಂಗ್ ಗಮ್ ಮಾಡುತ್ತಿದ್ದದ್ದು. ಕರಾವಳಿಯವರು ಅಡಿಕೆ ತೋಟಕ್ಕೆ ಸೊಪ್ಪು ಹಾಕೋ ಗೊಬ್ಬರದ ಗಿಡ, ಗ್ಲಿರಿಸಿಡಿಯಾ, ಅದೂ ಮಧ್ಯ ಅಮೆರಿಕದ್ದು. ನಾವು ಏಲಕ್ಕಿ ಕೊಟ್ಟೆವು, ಅವರು ಗೊಬ್ಬರ ಕೊಟ್ಟರು.

ಹಾವೇರಿಹೈದ · 12:36

ಆಟೋ ಮರೆತಿರಿ. ಅಲ್ಲಿನ ಊರುಗಳಲ್ಲಿ ಓಡೋದು ನಮ್ಮ ಬಜಾಜ್ ಆಟೋಗಳು. ಕೆಂಪು ಬಣ್ಣ, ಹೆಸರು ಟುಕ್‌ಟುಕ್. ಮೀಟರ್ ಮೇಲೆ ಎಷ್ಟು ಕೇಳ್ತಾರೋ ಗೊತ್ತಿಲ್ಲ.

ಅಡ್ಮಿನ್ · 12:50

ಅಡುಗೆ, ಆಟೋಗೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಏಲಕ್ಕಿ ವಿಷಯ.

ರೊಟ್ಟಿಪಂಚಾಯ್ತಿ · 12:51

ಅಡ್ಮಿನ್ ಸರ್, ಸೀಮೆಬದನೆಗೆ ಏಲಕ್ಕಿ ಹಾಕಿ ಹಲ್ವಾ ಮಾಡಬಹುದು. ವಿಷಯ ಬಿಟ್ಟಿಲ್ಲ.

ಏಲಕ್ಕಿಮಲೆ · ಶನಿವಾರ ಸಂಜೆ 6:20

ವಾರ ಆಯಿತು, ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಇವತ್ತು ಮೂಟೆ ತಗೊಂಡು ಹೋಗಿದ್ದೆ. ಅಂಗಡಿಯವರು ತಕ್ಕಡಿಗೆ ಹಾಕುವ ಮೊದಲೇ "ಗ್ವಾಟೆಮಾಲಾದಲ್ಲಿ ಈ ಸಲ..." ಅಂತ ಶುರು ಮಾಡಿದರು. "ಆಲ್ಟಾ ವೆರಾಪಾಸಿನಲ್ಲಾ?" ಅಂತ ಕೇಳಿದೆ. ಅವರು ಮುಖ ನೋಡಿದರು. "ಅಲ್ಲಿ ಥ್ರಿಪ್ಸ್ ಹುಳದ ಕಾಟ ಜಾಸ್ತಿ ಅಂತೆ, ಬೆಳೆ ಕಮ್ಮಿ ಅಂತೆ" ಅಂದೆ. "ನಿಮಗೆ ಯಾರು ಹೇಳಿದ್ದು?" ಅಂದರು. "ಬೆಂಗಳೂರಲ್ಲಿ ರಾತ್ರಿ ಕೆಲಸ ಮಾಡೋ ಹುಡುಗ" ಅಂದೆ.

ಹಾವೇರಿಹೈದ · 6:22

ರೇಟು ಎಷ್ಟು ಕೊಟ್ಟರು ಅದನ್ನ ಹೇಳಿ ಸರ್.

ಏಲಕ್ಕಿಮಲೆ · 6:30

ಹೋದ ವಾರದ್ದೇ. ಆದರೆ ಟೀ ಕೊಟ್ಟರು, ಏಲಕ್ಕಿ ಹಾಕಿ.

ನೈಟ್‌ಶಿಫ್ಟ್‌ನಾಗ · 8:40

ಈಗಷ್ಟೇ ಕೊಬಾನಿನವನಿಗೆ ಈ ಎಳೆಯನ್ನ ಓದಿ ಹೇಳಿದೆ. ಅವನ ಅಜ್ಜ ಕೇಳಿದರಂತೆ, "ಭಾರತದಲ್ಲಿ ಬೆಳೆ ಚೆನ್ನಾಗಿದೆ, ಅದಕ್ಕೇ ರೇಟು ಇಲ್ಲ ಅಂತ ಕೊಯೊಟೆ ದಿನಾ ಹೇಳ್ತಾನೆ, ನಿಜವಾ?" ಅಂತ.

ರೊಟ್ಟಿಪಂಚಾಯ್ತಿ · 8:55

ಯಾರ ಹತ್ರನಾದ್ರೂ ಸೀಮೆಬದನೆ ಬೀಜ ಇದ್ದರೆ ಹೇಳಿ, ನಮ್ಮ ವಿಜಯಪುರದ ಬಿಸಿಲಿಗೆ ಹಾಕಿ ನೋಡ್ತೀನಿ.

ಬೆಟ್ಟದಹೂವು · 9:03

ಬೀಜ ಹಾಕೋದಲ್ಲ ರೀ, ಮೊಳಕೆ ಬಂದ ಇಡೀ ಕಾಯಿಯನ್ನೇ ಹೂಳಬೇಕು. ವಿಜಯಪುರದ ಬಿಸಿಲಿಗೆ ಬರೋದು ಅನುಮಾನ. ವಿಳಾಸ ಕಳಿಸಿ, ಎರಡು ಕಾಯಿ ಪಾರ್ಸೆಲ್ ಮಾಡ್ತೀನಿ.